ಛೇದ ತಪ್ಪಿದ ಶೇಕಡಾ

ಇಂಟೆಲ್‌ನ ಕೋರ್ ಐ7-12700ಎಚ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ನಲ್ಲಿ ಕೋರ್‌ಗಳು ಎಷ್ಟು? ತಯಾರಕರ ಪಟ್ಟಿ 14 ಎನ್ನುತ್ತದೆ. ಡೆಸ್ಕ್‌ಟಾಪಿನ ಮೂಲೆಯಲ್ಲಿ ಗ್ರಾಫ್ ಎಳೆಯುತ್ತ ಕೂತ ಸಿಸ್ಟಂ ಮಾನಿಟರು 20 ಎನ್ನಬಹುದು, ಅಥವಾ 10 ಎನ್ನಬಹುದು. ಇಪ್ಪತ್ತಕ್ಕೆ ಒಂದು ಸಮರ್ಥನೆಯಾದರೂ ಇದೆ, ಹತ್ತಕ್ಕೆ ಅದೂ ಇಲ್ಲ. ಈ ಚಿಪ್‌ನಲ್ಲಿ ಆರು ದೊಡ್ಡ ಕೋರ್‌ಗಳಿದ್ದು ಒಂದೊಂದೂ ಎರಡು ಥ್ರೆಡ್ ನಡೆಸುತ್ತದೆ. ಉಳಿದ ಎಂಟು ಚಿಕ್ಕ ಕೋರ್‌ಗಳಿಗೆ ಒಂದೊಂದೇ ಥ್ರೆಡ್. ಹನ್ನೆರಡೂ ಎಂಟೂ ಸೇರಿ ಇಪ್ಪತ್ತು. ಒಂದು ಕೋರ್‌ಗೆ ಎರಡು ಥ್ರೆಡ್ ಎಂಬ ಹಳೆಯ ನಂಬಿಕೆಯಲ್ಲಿ ಬರೆದ ಪ್ರೋಗ್ರಾಂ ಆ ಇಪ್ಪತ್ತನ್ನು ಎರಡರಿಂದ ಭಾಗಿಸಿ ಕೈತೊಳೆದುಕೊಳ್ಳುತ್ತದೆ.

ಹೆಸರಿನ ಪಕ್ಕದ ಒಂದು ಅಂಕಿ ತಪ್ಪಾದರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಆದರೆ ಮಾನಿಟರ್ ತೋರಿಸುವ ಪ್ರತಿಯೊಂದು ಶೇಕಡಾವಾರೂ ಒಂದು ಭಿನ್ನರಾಶಿ. ನಡೆದ ಕೆಲಸ ಅಂಶ, ಒಟ್ಟು ಸಾಮರ್ಥ್ಯ ಛೇದ. ಕೋರ್ ಎಣಿಕೆ ಹೋಗಿ ಕೂರುವುದು ಛೇದದಲ್ಲಿ. ಅಂಶವನ್ನು ಸೆಕೆಂಡಿಗೊಮ್ಮೆ ಅಳೆದು ಬಣ್ಣದ ಗೆರೆಯಲ್ಲಿ ಮೆರೆಸುವ ಈ ಉಪಕರಣಗಳು ಛೇದವನ್ನು ಆರಂಭದಲ್ಲಿ ಒಮ್ಮೆ ಓದಿ ಮರೆತುಬಿಡುತ್ತವೆ. ಒಂದು ಥ್ರೆಡ್ ಪೂರ್ತಿ ದುಡಿಯುತ್ತಿರುವ ಕೆಲಸ ಇಪ್ಪತ್ತರ ಲೆಕ್ಕದಲ್ಲಿ ಶೇ. 5, ಹತ್ತರ ಲೆಕ್ಕದಲ್ಲಿ ಶೇ. 10. ಎಲ್ಲ ಥ್ರೆಡ್‌ಗಳೂ ದುಡಿದರೆ ಮೊತ್ತ ಶೇ. 200ಕ್ಕೆ ಏರಬೇಕು. ಏರಿದ್ದರೆ ಒಳ್ಳೆಯದೇ ಇತ್ತು, ತಪ್ಪು ಕಣ್ಣಿಗೆ ಬೀಳುತ್ತಿತ್ತು. ಗ್ರಾಫ್ ಚೆಂದ ಕಾಣಲೆಂದು ನೂರಕ್ಕೆ ಕತ್ತರಿಸುವ ರೂಢಿಯಿದೆಯಲ್ಲ, ಅದು ಆ ತಪ್ಪನ್ನು ಮುಚ್ಚಿಹಾಕುತ್ತದೆ. ಎಣಿಕೆಯ ತಪ್ಪಿಗಿಂತ ಈ ಕತ್ತರಿಯೇ ನನಗೆ ದೊಡ್ಡ ದೋಷವಾಗಿ ಕಾಣುತ್ತದೆ.

ಹತ್ತೇ ಕೋರ್ ಎಂದು ನಂಬಿ ಹತ್ತೇ ಕಂಬ ಬಿಡಿಸುವ ವಿಜೆಟ್‌ನದು ಇನ್ನೊಂದು ಕಥೆ. ಲಿನಕ್ಸ್ ಈ ಚಿಪ್‌ನಲ್ಲಿ ದೊಡ್ಡ ಕೋರ್‌ಗಳ ಥ್ರೆಡ್‌ಗಳಿಗೆ 0ರಿಂದ 11ರವರೆಗೆ ಸಂಖ್ಯೆ ಕೊಟ್ಟು, ಚಿಕ್ಕವಕ್ಕೆ 12ರಿಂದ 19 ಕೊಡುತ್ತದೆ. ಮೊದಲ ಹತ್ತನ್ನಷ್ಟೇ ತೋರಿಸಿದರೆ ಎಂಟೂ ಚಿಕ್ಕ ಕೋರ್‌ಗಳು ಪರದೆಯಿಂದ ಮಾಯ. ಬ್ಯಾಟರಿ ಉಳಿಸಲು ಹಿನ್ನೆಲೆಯ ಕೆಲಸಗಳನ್ನು ಕಳಿಸುವುದು ಆ ಚಿಕ್ಕ ಕೋರ್‌ಗಳಿಗೇ. ಫ್ಯಾನ್ ಯಾಕೆ ಸುತ್ತುತ್ತಿದೆ ಎಂದು ನೋಡಲು ಮಾನಿಟರ್ ತೆರೆದವನಿಗೆ ಕಾಣುವುದು ತಣ್ಣಗೆ ಮಲಗಿದ ಹತ್ತು ಕಂಬಗಳು.

ಈ ಗೊಂದಲದ ಬೀಜ ಬಿದ್ದದ್ದು 2002ರಲ್ಲಿ, ಇಂಟೆಲ್ ಹೈಪರ್ ಥ್ರೆಡಿಂಗ್ ತಂದಾಗ. ನಮ್ಮ ಹಳೆಯ ಅಡುಗೆಮನೆಯ ಕೋಡೊಲೆಯಂತೆ ಅದು: ಉರಿ ಒಂದೇ, ಪಾತ್ರೆ ಎರಡು, ಮೊದಲನೆಯದು ಬಿಟ್ಟ ಶಾಖದಲ್ಲಿ ಎರಡನೆಯದು ಕುದಿಯುತ್ತದೆ. ಆಪರೇಟಿಂಗ್ ಸಿಸ್ಟಂಗೆ ಮಾತ್ರ ಎರಡು ಪ್ರೊಸೆಸರ್ ಎಂದೇ ಪರಿಚಯ ಮಾಡಿಕೊಡಲಾಯಿತು. ಹೀಗಾಗಿ ಎರಡು ಥ್ರೆಡ್‌ಗಳಲ್ಲಿ ಒಂದು ಪೂರ್ತಿ ದುಡಿಯುತ್ತಿದ್ದಾಗ ಮಾನಿಟರ್ ಶೇ. 50 ಎನ್ನುತ್ತದೆ, ಆದರೆ ಆ ಕೋರ್‌ನಲ್ಲಿ ಉಳಿದಿರುವ ಶಕ್ತಿ ಅರ್ಧಕ್ಕಿಂತ ಬಹಳ ಕಡಿಮೆ. ಅಂದರೆ ಎಣಿಕೆ ಸರಿಯಿದ್ದಾಗಲೂ ಶೇಕಡಾ ಸರಿಯಿರಬೇಕೆಂದೇನಿಲ್ಲ.

ಲಿನಕ್ಸ್ ಕರ್ನಲ್ ತನ್ನ ಬಳಿ ಇರುವುದನ್ನು ಮುಚ್ಚಿಡುವುದಿಲ್ಲ. ಯಾವ ಥ್ರೆಡ್ ಯಾವ ಕೋರ್‌ಗೆ, ಯಾವ ಸಾಕೆಟ್‌ಗೆ, ಅಂದರೆ ಯಾವ ಚಿಪ್‌ಗೆ, ಸೇರಿದ್ದೆಂದು ಕಡತಗಳಲ್ಲಿ ಬರೆದಿಡುತ್ತದೆ. ಓದುವವರು ಅವಸರ ಮಾಡುತ್ತಾರೆ. ಎರಡು ಸಾಕೆಟ್‌ಗಳ ಸರ್ವರ್‌ನಲ್ಲಿ ಕೋರ್ ಸಂಖ್ಯೆಗಳು ಪ್ರತಿ ಸಾಕೆಟ್‌ನಲ್ಲೂ ಸೊನ್ನೆಯಿಂದಲೇ ಶುರುವಾಗುತ್ತವೆ. ಸಾಕೆಟ್ ನೋಡದೆ ಬೇರೆಬೇರೆ ಸಂಖ್ಯೆಗಳನ್ನಷ್ಟೇ ಎಣಿಸಿದರೆ ಅರ್ಧ ಯಂತ್ರ ಕಳೆದುಹೋಗುತ್ತದೆ. ಕೊನೆಯ ಸಂಖ್ಯೆಗೆ ಒಂದು ಕೂಡಿಸಿದರೆ ಸಾಕೆನ್ನುವವರಿಗೆ 2010ರ ಕ್ಸಿಯಾನ್ ಎಕ್ಸ್5650 ಉತ್ತರ ಕೊಡುತ್ತದೆ. ಅದರ ಆರು ಕೋರ್‌ಗಳ ಸಂಖ್ಯೆ 0, 1, 2, 8, 9, 10. ಇನ್ನು ರಾಸ್ಪ್‌ಬೆರಿ ಪೈನಂಥ ಆರ್ಮ್ ಯಂತ್ರಗಳ ಪ್ರೊಸೆಸರ್ ಮಾಹಿತಿಯ ಕಡತದಲ್ಲಿ ಕೋರ್ ಎಣಿಕೆಯ ಸಾಲೇ ಇರುವುದಿಲ್ಲ. ಆ ಸಾಲನ್ನೇ ನಂಬಿಕೊಂಡ ಪ್ರೋಗ್ರಾಂಗೆ ಅಲ್ಲಿ ಸಿಗುವುದು ಸೊನ್ನೆ.

ಎಣಿಸುವವರದ್ದೇ ತಪ್ಪೆಂದು ಹೇಳಲಾಗದ ಒಂದು ಪ್ರಕರಣವೂ ಇದೆ. 2011ರಲ್ಲಿ ಎಎಂಡಿ ತನ್ನ ಬುಲ್ಡೋಜರ್ ವಿನ್ಯಾಸದ ಎಫ್‌ಎಕ್ಸ್-8150 ಚಿಪ್ ಅನ್ನು ಎಂಟು ಕೋರ್‌ಗಳದ್ದೆಂದು ಮಾರಿತು. ಒಳಗಿದ್ದದ್ದು ನಾಲ್ಕು ಮಾಡ್ಯೂಲ್. ಪ್ರತಿ ಮಾಡ್ಯೂಲ್‌ನಲ್ಲಿ ಪೂರ್ಣಾಂಕಗಳ ಲೆಕ್ಕಕ್ಕೆ ಎರಡು ಪ್ರತ್ಯೇಕ ಘಟಕಗಳು, ದಶಮಾಂಶದ ಲೆಕ್ಕಕ್ಕೆ ಎರಡಕ್ಕೂ ಸೇರಿದ ಒಂದು. ಇದು ಎಂಟೋ ನಾಲ್ಕೋ? ವಿಂಡೋಸ್ 8ರಿಂದೀಚಿನ ಟಾಸ್ಕ್ ಮ್ಯಾನೇಜರ್ ತನ್ನ ತೀರ್ಪನ್ನು ತಾನೇ ಕೊಟ್ಟಿತು: ಕೋರ್ 4, ಲಾಜಿಕಲ್ ಪ್ರೊಸೆಸರ್ 8. ಎಂಟಕ್ಕೆ ಹಣ ಕೊಟ್ಟವರು ಪರದೆಯಲ್ಲಿ ನಾಲ್ಕು ಕಂಡರು. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರ ಮೊಕದ್ದಮೆ ಹೂಡಲಾಯಿತು. 2019ರಲ್ಲಿ ತಪ್ಪೊಪ್ಪಿಕೊಳ್ಳದೆಯೇ ಎಎಂಡಿ 1.21 ಕೋಟಿ ಡಾಲರ್‌ಗೆ ರಾಜಿಯಾಯಿತು. ಕೋರ್ ಎಂದರೇನು ಎಂಬುದು ತೀರ್ಮಾನವಾಗಲೇ ಇಲ್ಲ. ಮೈಕ್ರೋಸಾಫ್ಟ್ ಹಾಗೆ ಎಣಿಸಿದ್ದರಲ್ಲಿ ತರ್ಕವಿತ್ತು: ಕೆಲಸ ಹಂಚುವಾಗ ಒಂದು ಮಾಡ್ಯೂಲ್‌ನ ಎರಡೂ ಭಾಗಗಳನ್ನು ಮೊದಲೇ ತುಂಬಿಸಬಾರದು, ಆದ್ದರಿಂದ ಅವನ್ನು ಹೈಪರ್ ಥ್ರೆಡಿಂಗ್‌ನಂತೆ ನೋಡುವುದು ಲೇಸು. ಹಂಚಿಕೆಯ ಅನುಕೂಲಕ್ಕೆ ಮಾಡಿಕೊಂಡ ಈ ಏರ್ಪಾಡು ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವ ಅಡಿಟಿಪ್ಪಣಿಯೂ ಇಲ್ಲದೆ ಸತ್ಯಸಂಗತಿಯ ವೇಷದಲ್ಲಿ ನಿಂತಿತು.

ಇಷ್ಟಾದರೂ ಟಾಸ್ಕ್ ಮ್ಯಾನೇಜರ್ ಬಗ್ಗೆ ನನಗೆ ಗೌರವವಿದೆ. ಸಾಕೆಟ್, ಕೋರ್, ಲಾಜಿಕಲ್ ಪ್ರೊಸೆಸರ್ ಎಂದು ಮೂರನ್ನೂ ಬೇರೆಬೇರೆ ಸಾಲಿನಲ್ಲಿ ಹೇಳುತ್ತದೆ. 12700ಎಚ್‌ಗೆ 14, 20 ಎಂದು ತಪ್ಪಿಲ್ಲದೆ ತೋರಿಸುತ್ತದೆ. ಅದರ ಕೊರತೆ ಶೇಕಡಾವಾರಿನಲ್ಲಿತ್ತು. ಒಂದೇ ಕಿಟಕಿಯ ಬೇರೆಬೇರೆ ಪುಟಗಳು ಸಿಪಿಯು ಬಳಕೆಯನ್ನು ಬೇರೆಬೇರೆ ಸೂತ್ರದಲ್ಲಿ ಲೆಕ್ಕಹಾಕುತ್ತಿದ್ದವು. 2025ರಲ್ಲಷ್ಟೇ ಮೈಕ್ರೋಸಾಫ್ಟ್ ಅವನ್ನು ಒಂದೇ ಲೆಕ್ಕಕ್ಕೆ ತಂದಿತು. ಹಾಗೆಯೇ ವಿಂಡೋಸ್ 64ಕ್ಕಿಂತ ಹೆಚ್ಚು ಲಾಜಿಕಲ್ ಪ್ರೊಸೆಸರ್‌ಗಳನ್ನು ಗುಂಪುಗಳಾಗಿ ಒಡೆಯುತ್ತದೆ, ಯಾಕೆಂದರೆ ಒಂದೊಂದಕ್ಕೆ ಒಂದು ಬಿಟ್‌ನಂತೆ 64 ಬಿಟ್‌ಗಳಲ್ಲಿ ಅಷ್ಟೇ ಹಿಡಿಸುತ್ತದೆ. 2020ರಲ್ಲಿ 128 ಥ್ರೆಡ್‌ಗಳ ಥ್ರೆಡ್‌ರಿಪ್ಪರ್ 3990ಎಕ್ಸ್ ಡೆಸ್ಕ್‌ಟಾಪ್‌ಗೆ ಬಂದಾಗ ಗುಂಪುಗಳ ವಿಷಯ ತಿಳಿಯದ ಹಳೆಯ ಪ್ರೋಗ್ರಾಂಗಳು 64ನ್ನೇ ಕಂಡು ತೃಪ್ತಿಪಟ್ಟವು.

ಲಿನಕ್ಸ್‌ನ ಹಳೆಯ ಟಾಪ್ ಪ್ರೋಗ್ರಾಂ ಈ ಛೇದದ ಪ್ರಶ್ನೆಯನ್ನು ಬಳಕೆದಾರನ ಕೈಗೇ ಕೊಡುತ್ತದೆ. ಐರಿಕ್ಸ್ ಮೋಡ್‌ನಲ್ಲಿ ಒಂದು ಸಿಪಿಯು ತುಂಬಿದರೆ ಶೇ. 100, ಎಂಟು ತುಂಬಿದರೆ ಶೇ. 800. ಇಂಗ್ಲಿಷಿನ ದೊಡ್ಡ ಐ ಒತ್ತಿದರೆ ಸೋಲಾರಿಸ್ ಮೋಡ್, ಎಲ್ಲವೂ ಒಟ್ಟು ಸಿಪಿಯು ಸಂಖ್ಯೆಯಿಂದ ಭಾಗಿತ. ಎರಡು ಹಳೆಯ ಯುನಿಕ್ಸ್‌ಗಳ ಹೆಸರು ಇನ್ನೂ ಹೀಗೆ ಬದುಕಿದೆ. 2004ರಿಂದ ಇರುವ ಎಚ್‌ಟಾಪ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಿಪಿಯುಗಳನ್ನು ಸೊನ್ನೆಯಿಂದ ಎಣಿಸಬೇಕೋ ಒಂದರಿಂದಲೋ ಎಂದು ಕೇಳುತ್ತದೆ. ಹಾಸ್ಯವೆನಿಸಬಹುದು, ಆದರೆ ಕಾಂಕಿ ಎಂಬ ಇನ್ನೊಂದು ಮಾನಿಟರ್ ಬಳಸಿದವರು ನಗಲಾರರು: ಅಲ್ಲಿ ಸಿಪಿಯು 0 ಎಂದರೆ ಒಟ್ಟು ಬಳಕೆ, ಮೊದಲ ಸಿಪಿಯು 1ನೆಯದು. ಕರ್ನಲ್‌ಗೆ 0 ಎಂದರೆ ಮೊದಲನೆಯದೇ. ಕರ್ನಲ್‌ನ ಕ್ರಮ ಹಿಡಿದು ಕಾಂಕಿಯ ಸಾಲುಗಳನ್ನು ಬರೆದವರ ಪರದೆಯಲ್ಲಿ ಮೊತ್ತವೇ ಮೊದಲ ಸಿಪಿಯು ಆಗಿ ಕೂರುತ್ತದೆ, ಕೊನೆಯದು ಹೊರಗುಳಿಯುತ್ತದೆ. ಕಂಬಗಳ ಸಂಖ್ಯೆ ಮಾತ್ರ ಸರಿಯಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಎಚ್‌ಟಾಪ್‌ನ ಇನ್ನೊಂದು ಗುಣ ಹೇಳಲೇಬೇಕು. ಲಿನಕ್ಸ್‌ನಲ್ಲಿ ಯಂತ್ರ ಓಡುತ್ತಿರುವಾಗಲೇ ಸಿಪಿಯು ಒಂದನ್ನು ಆಫ್‌ಲೈನ್ ಮಾಡಬಹುದು. ಆಗ ಅಂಕಿಅಂಶದ ಕಡತದಲ್ಲಿ ಅದರ ಸಾಲು ಕಾಣೆಯಾಗುತ್ತದೆ. ಸಾಲಿನ ಕ್ರಮವನ್ನೇ ಸಿಪಿಯು ಸಂಖ್ಯೆಯೆಂದು ನಂಬಿದ ಮಾನಿಟರ್ ಐದನೆಯದರ ಶ್ರಮವನ್ನು ನಾಲ್ಕನೆಯದರ ಖಾತೆಗೆ ಬರೆಯುತ್ತದೆ. ಈಗಿನ ಎಚ್‌ಟಾಪ್ ಆ ಜಾಗವನ್ನು ಹಾಗೇ ಉಳಿಸಿ ಆಫ್‌ಲೈನ್ ಎಂದು ಬರೆಯುತ್ತದೆ. ಆದರೆ ಇದೇ ಎಚ್‌ಟಾಪ್ ಅನ್ನು ಡಾಕರ್ ಕಂಟೇನರ್ ಒಳಗೆ ತೆರೆದರೆ, ಎರಡೇ ಸಿಪಿಯುಗಳಷ್ಟು ಪಾಲು ಸಿಕ್ಕಿದ್ದರೂ ಇಡೀ ಯಂತ್ರದಲ್ಲಿ ಅರವತ್ತನಾಲ್ಕು ಸಿಪಿಯುಗಳಿದ್ದರೆ ಅಷ್ಟನ್ನೂ ತೋರಿಸುತ್ತದೆ. ಎಣಿಕೆ ನಿಜ, ಉಪಯೋಗ ಶೂನ್ಯ. ಜಾವಾ ಇದೇ ಹೊಂಡದಲ್ಲಿ ಬಿದ್ದು, ತನಗಿಲ್ಲದ ಸಿಪಿಯುಗಳಿಗೂ ಸೇರಿಸಿ ಥ್ರೆಡ್‌ಗಳನ್ನು ಹುಟ್ಟುಹಾಕುತ್ತಿತ್ತು. 2018ರ ಹತ್ತನೆಯ ಆವೃತ್ತಿಯಲ್ಲಿ ಸರಿಯಾಯಿತು.

ಎಲ್ಲಕ್ಕಿಂತ ನಿಷ್ಠುರವಾದದ್ದು ಲಿನಕ್ಸ್‌ನ ಎಲ್‌ಎಸ್‌ಸಿಪಿಯು ಆದೇಶ. ಗ್ರಾಫ್ ಇಲ್ಲ, ಬಣ್ಣ ಇಲ್ಲ, ಬಳಕೆಯ ಶೇಕಡಾವಾರಿನ ಗೊಡವೆಯೇ ಇಲ್ಲ. 12700ಎಚ್‌ನಲ್ಲಿ ಓಡಿಸಿದರೆ ಸಿಪಿಯು 20, ಕೋರ್‌ಗೆ ಥ್ರೆಡ್ 2, ಸಾಕೆಟ್‌ಗೆ ಕೋರ್ 14, ಸಾಕೆಟ್ 1 ಎಂದು ಬರೆಯುತ್ತದೆ. ಗುಣಿಸಿ ನೋಡಿದರೆ 28 ಬರುತ್ತದೆ, 20 ಅಲ್ಲ. ಎರಡು ಬಗೆಯ ಕೋರ್‌ಗಳಿರುವ ಚಿಪ್‌ಗೆ ಆ ನಮೂನೆಯಲ್ಲಿ ಜಾಗವೇ ಇಲ್ಲ. ಅದೇ ಆದೇಶವನ್ನು ವಿಸ್ತೃತ ರೂಪದಲ್ಲಿ ಕೊಟ್ಟರೆ ಇಪ್ಪತ್ತು ಸಾಲು ಮುದ್ರಿಸುತ್ತದೆ: ಮೊದಲ ಹನ್ನೆರಡರಲ್ಲಿ ಕೋರ್ ಸಂಖ್ಯೆ ಎರಡೆರಡು ಬಾರಿ, ಉಳಿದ ಎಂಟರಲ್ಲಿ ಒಂದೊಂದೇ ಬಾರಿ, ಗರಿಷ್ಠ ವೇಗದ ಅಂಕಣದಲ್ಲಿ ಚಿಕ್ಕವುಗಳ ಮುಂದೆ 3500 ಮೆಗಾಹರ್ಟ್ಸ್. ಕೆಳಗೆ ಮೊತ್ತ ಬರೆದಿರುವುದಿಲ್ಲ, ಎಣಿಸಿಕೊಳ್ಳಬೇಕಾದವರು ನಾವೇ.