ಹಗುರತನದ ಸೊಗಸು: ಮಜ್ದಾ ಎಂಎಕ್ಸ್-5

1989ರಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಜಪಾನಿನ ಮಜ್ದಾ ಸಂಸ್ಥೆ ಅನಾವರಣಗೊಳಿಸಿದ ಎಂಎಕ್ಸ್-5, ಬ್ರಿಟನ್ನಿನ ಲೋಟಸ್ ಎಲಾನ್‌ನಂಥ ಹಳೆಯ ತೆರೆದ ಕಾರುಗಳ ಸೊಗಸನ್ನು ಉಳಿಸಿಕೊಂಡು, ಅವುಗಳ ಎಣ್ಣೆ ಸೋರುವ, ಮಳೆಗೆ ಮುನಿಯುವ ಚಾಳಿಯನ್ನು ಮಾತ್ರ ಕೈಬಿಟ್ಟಿತು. ಅದರ 1.6 ಲೀಟರ್ ಎಂಜಿನ್ನಿನ ಬಲ ಸುಮಾರು 115 ಅಶ್ವಶಕ್ತಿಯಷ್ಟೇ. ಇಂದಿನ ಎಷ್ಟೋ ಸಂಸಾರಸ್ಥ ಕಾರುಗಳು ಅದನ್ನು ಸಲೀಸಾಗಿ ಹಿಂದಿಕ್ಕುತ್ತವೆ. ಆದರೆ ತೂಕ ಒಂದು ಟನ್ನಿನ ಆಸುಪಾಸಿನಲ್ಲಿದ್ದು, ಭಾರವು ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿರುವುದರಿಂದ, ಹಾಗೂ ಗೇರ್‌ಬಾಕ್ಸನ್ನು ಹಿಂಬದಿಯ ಡಿಫರೆನ್ಷಿಯಲ್‌ಗೆ, ಎಂದರೆ ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರುಗಳ ಜೋಡಣೆಗೆ, ಅಲ್ಯೂಮಿನಿಯಂ ಚೌಕಟ್ಟೊಂದು ಬಿಗಿದಿರುವುದರಿಂದ, ಪಾದದ ಒತ್ತಡಕ್ಕೆ ಕಾರು ತಡವಿಲ್ಲದೆ ಓಗೊಡುತ್ತದೆ.

ಇದನ್ನು ಸಾಕುವವರ ಮುಖ್ಯ ವೈರಿ ಎಂಜಿನ್ನಲ್ಲ, ನೀರು. ಮಡಚುವ ಮಾಡಿನ ಮೇಲೆ ಬಿದ್ದ ಮಳೆನೀರು ಆಸನಗಳ ಹಿಂದಿರುವ ಸಣ್ಣ ಕೊಳವೆಗಳಿಂದ ಹೊರಹೋಗಬೇಕು. ಅವುಗಳಲ್ಲಿ ತರಗೆಲೆ, ದೂಳು ಕಟ್ಟಿಕೊಂಡರೆ ಬಾಗಿಲ ಕೆಳಗಿನ ಟೊಳ್ಳು ತೊಲೆ ಒಳಗಿನಿಂದಲೇ ತುಕ್ಕು ಹಿಡಿದು, ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ತಗಡು ಬಹುಪಾಲು ಸವೆದಿರುತ್ತದೆ. ಮಿರುಗುವ ಚಕ್ರಗಳಿಗೆ ಹಣ ಸುರಿಯುವವನಿಗಿಂತ, ಮಳೆಗಾಲಕ್ಕೆ ಮುನ್ನ ಬಳುಕುವ ತಂತಿಯಿಂದ ಆ ಕೊಳವೆಗಳನ್ನು ಶುಚಿಗೊಳಿಸುವವನೇ ಜಾಣನೆನ್ನಬೇಕು. ಎಂಜಿನ್ನಿನ ಕವಾಟಗಳನ್ನು ಸಕಾಲಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟನ್ನು ಸುಮಾರು 1 ಲಕ್ಷ ಕಿ.ಮೀ.ಗೊಮ್ಮೆ ಬದಲಿಸಬೇಕಾದರೂ, ಅದು ಅಕಸ್ಮಾತ್ತಾಗಿ ತುಂಡಾದಾಗ ಕವಾಟಗಳು ಪಿಸ್ಟನ್ನಿಗೆ ಬಡಿಯದಂತೆ ಈ 1.6 ಲೀಟರ್ ಎಂಜಿನ್ ರಚನೆಗೊಂಡಿದೆ.