ನಾಲ್ಕು ಕವಡೆ, ಮೂರು ತಲೆಮಾರು

ಮಣೆಯಾಟಗಳಿಗೆ ವರ್ಷದಲ್ಲಿ ತಮ್ಮದೇ ಎನ್ನುವ ರಾತ್ರಿಯೊಂದಿದೆ. ಅದು ಆಶ್ವಯುಜದ ಹುಣ್ಣಿಮೆ. ಕೋಜಾಗರಿಯ ಆ ರಾತ್ರಿ ಲಕ್ಷ್ಮಿ ಮನೆಮನೆಗೆ ಬಂದು ಯಾರು ಎಚ್ಚರವಾಗಿದ್ದಾರೆಂದು ನೋಡುತ್ತಾಳೆ, ಆದ್ದರಿಂದ ಪಗಡೆಯಾಡುತ್ತ ಜಾಗರಣೆ ಮಾಡಬೇಕು ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಆಟವೇ ವ್ರತದ ಅಂಗವಾಗುವ ರಾತ್ರಿ ಅದು. ಅದೇ ಹುಣ್ಣಿಮೆಗೆ ಮಲೆನಾಡಿನವರು ಗದ್ದೆಗೆ ಹೋಗಿ ಭೂಮಿ ಹುಣ್ಣಿಮೆಯ ಪೂಜೆ ಮಾಡುತ್ತಾರೆ, ಉತ್ತರ ಕರ್ನಾಟಕದವರು ಸೀಗಿ ಹುಣ್ಣಿಮೆಯೆಂದು ಹೊಲದಲ್ಲಿ ಚರಗ ಚೆಲ್ಲುತ್ತಾರೆ.

2020ರಲ್ಲಿ ಅಧಿಕ ಆಶ್ವಯುಜ ಬಂದು ಹಬ್ಬಗಳೆಲ್ಲ ತಡವಾದವು. ಹುಣ್ಣಿಮೆಯ ತಿಥಿ ಶುಕ್ರವಾರ ಸಂಜೆ ಹಿಡಿದು ಶನಿವಾರ ರಾತ್ರಿಯವರೆಗೆ ಇತ್ತು. ಶುಕ್ರವಾರ ಈದ್ ಮಿಲಾದ್, ಶನಿವಾರ ವಾಲ್ಮೀಕಿ ಜಯಂತಿ, ಭಾನುವಾರ ರಾಜ್ಯೋತ್ಸವ. ಬೇರೆ ವರ್ಷವಾಗಿದ್ದರೆ ಇಂಥ ರಜೆಗೆ ಅರ್ಧ ಊರು ಬಸ್ ಹತ್ತಿರುತ್ತಿತ್ತು. ಆದರೆ ಅದು ಕೊರೊನಾದ ವರ್ಷ. ಮಾರ್ಚ್‌ನಿಂದ ಮುಚ್ಚಿದ ಶಾಲೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಹಿಂದಿನ ಸೋಮವಾರ ಮೈಸೂರಿನ ಜಂಬೂಸವಾರಿಯೂ ಅರಮನೆಯ ಆವರಣ ದಾಟಲಿಲ್ಲ. ಆನೆ ಅಭಿಮನ್ಯು ಮೊದಲ ಸಲ ಚಿನ್ನದ ಅಂಬಾರಿ ಹೊತ್ತದ್ದನ್ನು ನಾಡೆಲ್ಲ ಟಿ.ವಿ.ಯಲ್ಲೇ ನೋಡಿತು. ಮನೆಯಲ್ಲಿ ವಯಸ್ಸಾದ ಅಮ್ಮ ಇರುವಾಗ ನಮಗೂ ಹೊರಗೆ ಕಾಲಿಡುವ ಯೋಚನೆ ಬರಲಿಲ್ಲ. ಮೂರೂ ದಿನ ನಡುಮನೆಯಲ್ಲಿ ಮಣೆ ಹಾಕಿದೆವು.

ಲಾಕ್‌ಡೌನ್ ಶುರುವಾದಂದಿನಿಂದ ಹಳೆಯ ಆಟಗಳನ್ನು ‘ಟೈಂಪಾಸ್’ ಎಂದು ಹೊಗಳುವವರು ಹೆಚ್ಚಾಗಿದ್ದರು. ಈ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ಹೊತ್ತು ಕಳೆಯಬೇಕಿದ್ದರೆ ಕೈಯಲ್ಲಿರುವ ಫೋನ್ ಸಾಕು. ಎಪ್ಪತ್ತು ದಾಟಿದವರನ್ನೂ ಹತ್ತು ತುಂಬದವರನ್ನೂ ಎದುರುಬದುರು ಕೂರಿಸಿ, ಇಬ್ಬರಿಗೂ ಗೆಲ್ಲುವ ನಿಜವಾದ ಅವಕಾಶ ಕೊಡುವುದು ಮಣೆಯಾಟದ ದೊಡ್ಡತನ. ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಚೌಕಾಬಾರದಷ್ಟು ಚೆನ್ನಾಗಿ ಬೇರಾವ ಆಟವೂ ತೋರಿಸದು. ಕೋಜಾಗರಿಯ ರಾತ್ರಿಗೆ ನಾವು ಆರಿಸಿಕೊಂಡದ್ದೂ ಅದನ್ನೇ.

ಆಡಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆಗಳ ಚೌಕವನ್ನು ಸೀಮೆಸುಣ್ಣದಲ್ಲಿ ಬರೆದರೆ ಮಣೆ ಸಿದ್ಧ. ನಾಲ್ಕು ಬದಿಗಳ ನಡುವಿನ ಮನೆಗೂ ಮಧ್ಯದ ಮನೆಗೂ ಕತ್ತರಿಗೆರೆ ಎಳೆಯಬೇಕು. ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿದು ಮೊದಲಿಗೆ ಕಳಿಸುವಂತಿಲ್ಲ. ನಾಲ್ಕು ಜನ, ತಲಾ ನಾಲ್ಕು ಕಾಯಿ. ಕಾಯಿ ತನ್ನ ಮನೆಯಿಂದ ಹೊರಟು ಹೊರಸುತ್ತನ್ನು ಅಪ್ರದಕ್ಷಿಣವಾಗಿ ಮುಗಿಸಿ, ಒಳಸುತ್ತನ್ನು ಪ್ರದಕ್ಷಿಣವಾಗಿ ತಿರುಗಿ, ನಡುವಿನ ಮನೆ ಸೇರಿದರೆ ಹಣ್ಣು. ಒಟ್ಟು 24 ಹೆಜ್ಜೆ. ಮಣೆಯ ಒಂದು ಮನೆಯನ್ನೂ ತುಳಿಯದೆ ಬಿಡುವಂತಿಲ್ಲ. ಬೇರೆಯವರ ಒಂದು ಕಾಯನ್ನಾದರೂ ಕಡಿಯುವವರೆಗೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ನಮ್ಮ ಮನೆಯ ಪದ್ಧತಿ. ಬರೀ ಕತ್ತರಿಗೆರೆಯ ಮನೆ ಹಿಡಿದು ಕೂತು ಗೆಲ್ಲಲು ನೋಡುವವರಿಗೆ ಈ ನಿಯಮವೇ ಮದ್ದು.

ನಾಲ್ಕು ಕವಡೆ ಹಾಕಿದಾಗ ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ನಡೆ. ನಾಲ್ಕೂ ಬಾಯಿ ಮೇಲಾದರೆ ಚೌಕ, 4. ನಾಲ್ಕೂ ಬೋರಲಾದರೆ ಬಾರ, 8. ಎರಡಕ್ಕೂ ಇನ್ನೊಮ್ಮೆ ಕವಡೆ ಹಾಕುವ ಹಕ್ಕು ಸಿಗುತ್ತದೆ. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ ಒಟ್ಟು 16 ಸಾಧ್ಯತೆಗಳಿವೆ. ಅವುಗಳಲ್ಲಿ ಎರಡು ಬೀಳುವುದು 6ರಲ್ಲಿ, ಒಂದು ಮತ್ತು ಮೂರು ತಲಾ 4ರಲ್ಲಿ, ಚೌಕ ಮತ್ತು ಬಾರ ತಲಾ ಒಂದರಲ್ಲಿ ಮಾತ್ರ. ಹಾಗಾಗಿ ನಿಮ್ಮ ಕಾಯಿಗಿಂತ ಎರಡು ಮನೆ ಹಿಂದೆ ಎದುರಾಳಿ ಕೂತಿದ್ದರೆ ಜೀವಕ್ಕೆ ಅಪಾಯ. ನಾಲ್ಕು ಮನೆ ಹಿಂದಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ.

ಅಮ್ಮ ಈ ಲೆಕ್ಕವನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಆದರೆ ಶುಕ್ರವಾರ ರಾತ್ರಿ ಅವರ ಕೈಯನ್ನೇ ನೋಡುತ್ತಿದ್ದೆ. ಕವಡೆ ಬಿದ್ದ ಕೂಡಲೇ ಕಾಯಿ ಮುಟ್ಟುವುದಿಲ್ಲ. ಬೆರಳು ಮಣೆಯ ಮೇಲೆ ಒಂದು ಗಳಿಗೆ ಸುಳಿದಾಡುತ್ತದೆ, ಹಿಂದೆ ಯಾರು ಎಷ್ಟು ದೂರದಲ್ಲಿದ್ದಾರೆಂದು ಅಳೆಯುತ್ತದೆ, ಆಮೇಲೆ ಇರುವುದರಲ್ಲಿ ಯಾವ ಕಾಯಿ ನಡೆಸಿದರೆ ಉಳಿದವು ಎರಡು ಮನೆಯ ಅಂತರಕ್ಕೆ ಸಿಕ್ಕುವುದಿಲ್ಲವೋ ಅದನ್ನೇ ಎತ್ತುತ್ತದೆ. ಚಿಕ್ಕ ಮಗಳು ಎರಡು ಆಟ ಸೋತು, ಮೂರನೆಯದರಲ್ಲಿ ತಾನೂ ಬೆರಳಿಟ್ಟು ಹಿಂದಿನ ಮನೆಗಳನ್ನು ಎಣಿಸತೊಡಗಿದಳು. ಹಣ್ಣಾಗಲು ಇನ್ನೇನು ಮೂರು ಹೆಜ್ಜೆ ಇದ್ದ ಅವಳ ಕಾಯನ್ನು ಅಮ್ಮ ಕಡಿದಾಗ, “ಅಜ್ಜೀ, ನನ್ನನ್ನೇ ಕಡೀತೀಯಾ?” ಎಂದು ಕಣ್ಣು ತುಂಬಿಕೊಂಡಳು. “ಮಣೆ ಮುಂದೆ ಕೂತ ಮೇಲೆ ಅಜ್ಜಿಯೂ ಇಲ್ಲ, ಮೊಮ್ಮಗಳೂ ಇಲ್ಲ ಕಣೇ. ಕವಡೆ ಹಾಕು,” ಎಂದರು ಅಮ್ಮ. ಮಕ್ಕಳಿಗೆಂದು ಸೋತುಕೊಡದ ಹಿರಿಯರು ಮಕ್ಕಳನ್ನು ನಿಜವಾಗಿ ಗೌರವಿಸುತ್ತಾರೆ. ಆ ಕಾಯನ್ನು ಮತ್ತೆ ಮೊದಲಿನಿಂದ ನಡೆಸಿ, ಮುಂದೆ ಒಂದು ಬಾರ ಬಿದ್ದ ಬಲದಲ್ಲಿ, ಆ ಆಟವನ್ನು ಗೆದ್ದದ್ದು ಮಗಳೇ. ಅದೃಷ್ಟ ಸ್ವಲ್ಪ, ಬುದ್ಧಿ ಸ್ವಲ್ಪ ಇರುವ ಆಟದಲ್ಲಿ ಮಾತ್ರ ಇಂಥದ್ದು ನಡೆಯುತ್ತದೆ. ಬರೀ ಬುದ್ಧಿಯ ಆಟವಾಗಿದ್ದರೆ ಅಜ್ಜಿಯೇ ಸದಾ ಗೆಲ್ಲುತ್ತಿದ್ದರು. ಬರೀ ಅದೃಷ್ಟದ್ದಾಗಿದ್ದರೆ ಅಜ್ಜಿಯಿಂದ ಕಲಿಯಲು ಏನೂ ಇರುತ್ತಿರಲಿಲ್ಲ.

ಕವಡೆಯ ಬಗ್ಗೆಯೂ ಒಂದು ಮಾತು. ನಾಲ್ಕೂ ಒಂದೇ ಗಾತ್ರದವಿರಲಿ. ಬೆನ್ನು ಹೆಚ್ಚು ಉಬ್ಬಿದ ಕವಡೆ ಮಗುಚಿ ಬೀಳುವ ರೀತಿಯೇ ಬೇರೆ. ಒಂದೊಂದನ್ನೂ ಬೇರೆಬೇರೆಯಾಗಿ ಹಾಕಿ ನೋಡಿ, ಯಾವಾಗಲೂ ಒಂದೇ ಮಗ್ಗುಲಿಗೆ ಒಲಿಯುವುದನ್ನು ತೆಗೆದಿಡಿ. ಕವಡೆ ಸಿಗದಿದ್ದರೆ ಹುಣಿಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳುಪು ಕಾಣಿಸಿದರೆ ಸಾಕು. ಬಿಳಿ ಮೇಲಾದರೆ ಅದೇ ಬಾಯಿ.

ಶನಿವಾರದ ಮಧ್ಯಾಹ್ನ ಅಳಗುಳಿಮಣೆಯದು. ಉಡುಪಿಯ ಕಡೆ ಮದುವೆಯಾಗಿ ಹೋದ ಅತ್ತೆಗೆ ಆ ವರ್ಷ ದಸರೆಗೆ ಬರಲಾಗಲಿಲ್ಲ. ಅವರ ಮನೆಯಲ್ಲಿ ಅದು ಚೆನ್ನೆಮಣೆ, ಆಟಿ ತಿಂಗಳ ಮಳೆಯಲ್ಲಿ ಹೊರತೆಗೆಯುವ ಆಟ. ಅವರು ಅಲ್ಲಿ ಒಂದು ಮಣೆ ಇಟ್ಟುಕೊಂಡರು, ನಾವು ಇಲ್ಲಿ ಒಂದು, ನಡುವೆ ವಿಡಿಯೊ ಕಾಲ್. ಎರಡೂ ಕಡೆ ಏಳೇಳು ಕುಳಿಯ ಎರಡು ಸಾಲು, ಕುಳಿಗೆ ನಾಲ್ಕರಂತೆ 56 ಬೀಜ. ದೂರದಿಂದ ಆಡಲು ಇದಕ್ಕಿಂತ ಒಳ್ಳೆಯ ಆಟವಿಲ್ಲ ಎಂದು ನನಗೆ ಅಂದೇ ಖಾತ್ರಿಯಾಯಿತು. ಚೌಕಾಬಾರದಲ್ಲಿ ಕವಡೆ ಹೇಗೆ ಬಿತ್ತೆಂದು ಆಚೆಯವರ ಮಾತನ್ನು ನಂಬಬೇಕು. ಇಲ್ಲಿ ಬೀಳುವುದು ಎಂಬುದೇ ಇಲ್ಲ. ಯಾವ ಕುಳಿಯಿಂದ ಎತ್ತಿದೆ ಎಂದು ಅತ್ತೆ ಹೇಳಿದರೆ ಸಾಕು; ಅದೇ ಕುಳಿಯ ಬೀಜವನ್ನು ಒಂದೊಂದಾಗಿ ಹಂಚಿ, ಮುಗಿದಲ್ಲಿಂದ ಮುಂದಿನ ಕುಳಿ ಎತ್ತಿ, ಖಾಲಿ ಕುಳಿ ಎದುರಾದಾಗ ಅದರಾಚೆಯದನ್ನು ಅವರಿಗೆ ತೆಗೆದಿಟ್ಟರೆ, ಎರಡು ಊರಿನ ಎರಡು ಮಣೆಗಳೂ ಒಂದೇ ಸ್ಥಿತಿಗೆ ಬಂದು ನಿಲ್ಲುತ್ತವೆ. ಪ್ರತಿ ಸರದಿಯ ಕೊನೆಗೆ ದೊಡ್ಡ ಮಗಳು ಕುಳಿಗಳ ಎಣಿಕೆ ಓದುತ್ತಿದ್ದಳು, ಅತ್ತೆ ಆ ಕಡೆಯಿಂದ ಹೂಂಗುಟ್ಟುತ್ತಿದ್ದರು.

ಅಕ್ಕತಂಗಿಯರಿಬ್ಬರನ್ನು ಎದುರುಬದುರು ಕೂರಿಸಲು ಮಾತ್ರ ಅತ್ತೆ ಒಪ್ಪಲಿಲ್ಲ. ತುಳುನಾಡಿನ ಸಿರಿ ಪಾಡ್ದನದಲ್ಲಿ ಸಿರಿಯ ಮೊಮ್ಮಕ್ಕಳಾದ ಅಬ್ಬಗ ಮತ್ತು ದಾರಗ ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು ಇಬ್ಬರೂ ಪ್ರಾಣ ಕಳೆದುಕೊಳ್ಳುತ್ತಾರೆ. ಅಂದಿನಿಂದ ಒಡಹುಟ್ಟಿದವರು ಚೆನ್ನೆಯಾಡಬಾರದೆಂಬ ಎಚ್ಚರಿಕೆ ಅಲ್ಲಿನ ಮನೆಗಳಲ್ಲಿ ಇದೆ. ಏಳು ತಿಂಗಳಿಂದ ಒಂದೇ ಕೋಣೆ, ಒಂದೇ ಆನ್‌ಲೈನ್ ಕ್ಲಾಸಿನ ಫೋನ್ ಹಂಚಿಕೊಂಡ ನಮ್ಮ ಮಕ್ಕಳಿಗೆ ಆ ಕಥೆ ಬೇಗ ಅರ್ಥವಾಯಿತು.

ಭಾನುವಾರ ಆಡು-ಹುಲಿ ಆಟ. ಮೂರು ಹುಲಿ, ಹದಿನೈದು ಆಡು, ಕವಡೆಯ ಗೊಡವೆಯಿಲ್ಲ. ಹದಿನೈದೂ ಆಡುಗಳನ್ನು ಇಟ್ಟು ಮುಗಿಯುವವರೆಗೆ ಒಂದನ್ನೂ ಕದಲಿಸುವಂತಿಲ್ಲ. ಅಷ್ಟರಲ್ಲಿ ಹುಲಿ ಹಾರಿ ಹಾರಿ ತಿನ್ನುತ್ತಿರುತ್ತದೆ. ಆಡಿನವರು ಗೆಲ್ಲುವುದು ಒಂದರ ಬೆನ್ನಿಗೆ ಇನ್ನೊಂದನ್ನು ನಿಲ್ಲಿಸಿದಾಗ ಮಾತ್ರ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಇಂಥ ಆಟಗಳ ಗೆರೆಗಳನ್ನು ಇಂದಿಗೂ ಕಾಣಬಹುದು. ಗೆರೆ ಕೊರೆದವರು ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ. ಆಟ ಮಾತ್ರ ನಮ್ಮವರೆಗೂ ಬಂದಿದೆ.

ಹೀಗೆ ಬರುವುದು ಸುಲಭವಲ್ಲ ಎಂಬುದಕ್ಕೆ ಮೈಸೂರೇ ಸಾಕ್ಷಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳನ್ನು ವಿದ್ಯೆಯೆಂದು ಕಂಡ ದೊರೆ. ಚದುರಂಗದ ಕುದುರೆ ಒಂದೊಂದು ಮನೆಯನ್ನೂ ಒಂದೇ ಸಲ ಮುಟ್ಟಿ ಬರುವ ನಡೆಗಳನ್ನು ಸ್ವತಃ ರಚಿಸಿದರು, ಹೊಸ ಮಣೆಗಳನ್ನೂ ಗಂಜೀಫಾ ಎಲೆಗಳನ್ನೂ ರೂಪಿಸಿದರು. ‘ಶ್ರೀತತ್ವನಿಧಿ’ಯ ಕೊನೆಯ ಭಾಗವಾದ ಕೌತುಕ ನಿಧಿಯನ್ನು ಆಟಗಳಿಗೇ ಮೀಸಲಿಟ್ಟರು. ಇಷ್ಟು ಶ್ರದ್ಧೆಯಿಂದ ಬರೆದಿಟ್ಟರೂ ಆ ಅರಮನೆಯ ಆಟಗಳನ್ನು ಇಂದು ಆಡುವವರನ್ನು ಹುಡುಕಬೇಕು. ಚೌಕಾಬಾರದ ಕಥೆ ಇದಕ್ಕೆ ತಿರುಗುಮುರುಗು. ಆಡುವ ಕೈಗಳು ಇನ್ನೂ ಇವೆ, ಬರೆದಿಟ್ಟವರು ಕಡಿಮೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆ ‘ಕ್ರೀಡಾ ಕೌಶಲ್ಯ’ದ ಪ್ರದರ್ಶನಗಳಲ್ಲಿ ಮಣೆಗಳನ್ನು ಮತ್ತೆ ಜನರ ಮುಂದೆ ಇಟ್ಟಿದೆ. ಮನೆಯೊಳಗಿನ ನಿಯಮಗಳನ್ನು ಮನೆಯವರೇ ಉಳಿಸಿಕೊಳ್ಳಬೇಕು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ದೀಪಾವಳಿಯ ಬಲಿಪಾಡ್ಯಮಿಗೂ ಪಗಡೆಗೂ ಹಳೆಯ ನಂಟು. ಅಂದು ಹಿರಿಯರೊಂದಿಗೆ ಒಂದು ಆಟ ಆಡಿ, ಆಡುತ್ತಲೇ ಕೇಳಿ: ಕಾಯಿ ಇಳಿಸಲು ಚೌಕವೋ ಬಾರವೋ ಬೀಳಲೇಬೇಕೇ? ಜೋಡುಕಾಯನ್ನು ಒಂಟಿಕಾಯಿ ಕಡಿಯಬಹುದೇ? ಮೂರು ಸಲ ಸತತವಾಗಿ ಚೌಕ ಬಿದ್ದರೆ ಅದು ಲೆಕ್ಕಕ್ಕುಂಟೇ? ಹಣ್ಣಾಗಲು ಸರಿಯಾದ ಎಣಿಕೆಯೇ ಬೇಕೇ? ಊರಿಂದ ಊರಿಗೆ, ಮನೆಯಿಂದ ಮನೆಗೆ ಉತ್ತರ ಬೇರೆಯಾಗುತ್ತದೆ. ತವರಿನಿಂದ ಯಾರು ತಂದರು, ಯಾವಾಗ ಬದಲಾಯಿತು ಎಂಬುದೂ ಮಾತಿನ ನಡುವೆ ಹೊರಬರುತ್ತದೆ. ನಾವು ಅಮ್ಮನ ನಿಯಮಗಳನ್ನು ಮಗಳ ನೋಟ್‌ಬುಕ್ಕಿನಲ್ಲಿ ಅವಳ ಕೈಯಲ್ಲೇ ಬರೆಸಿದೆವು. ಹಿರಿಯರ ಜೀವ ಎಷ್ಟು ಅಮೂಲ್ಯವೆಂದು ಕೊರೊನಾದ ಆ ವರ್ಷ ಎಲ್ಲರಿಗೂ ಮನದಟ್ಟಾಯಿತು. ಅವರ ಕೈಯಲ್ಲಿರುವ ಆಟವನ್ನು ಕೇಳಿ ಕಲಿಯುವುದಕ್ಕೆ ಮುಂದಿನ ವರ್ಷದವರೆಗೆ ಕಾಯಬೇಡಿ. ನೋಟ್‌ಬುಕ್ ತೆಗೆಯಿರಿ, ನಾಲ್ಕು ಕವಡೆ ಹುಡುಕಿ, ಮನೆಯ ಹಿರಿಯರನ್ನು ಮಣೆಗೆ ಕರೆಯಿರಿ.