ಬೆರಳ ಮೂಳೆಯ ಗಡ್ಡೆ ಮತ್ತು ಒಂದು ಎಕ್ಸ್‌ರೇ

ಬೆರಳ ಮೂಳೆಯಲ್ಲಿ ಗಡ್ಡೆ ಅಂದಕೂಡಲೇ, ಹಾಸನ ಜಿಲ್ಲೆಯ ಅರಕಲಗೂಡಾಗಲಿ ಹೊಳೆನರಸೀಪುರವಾಗಲಿ, ಮನೆಮಂದಿಯ ಮನಸ್ಸು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡುತ್ತದೆ. ಆದರೆ ಕೈಬೆರಳ ಮೂಳೆಯಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಮೃದ್ವಸ್ಥಿಯ ಎನ್‌ಕಾಂಡ್ರೋಮಾ. ಇದನ್ನು ಪತ್ತೆಹಚ್ಚುವ ಕಸುಬಿನಲ್ಲಿ ಮೆಚ್ಚಬೇಕಾದದ್ದು ಅದರ ಮಿತವ್ಯಯ. ಆಲೂಗಡ್ಡೆ ಕೀಳುವಾಗ ಬಿದ್ದ ಸಣ್ಣ ಪೆಟ್ಟಿಗೇ ಬೆರಳು ಮುರಿದರೆ, ಚನ್ನರಾಯಪಟ್ಟಣದಲ್ಲಿ ತೆಗೆದ ಸಾದಾ ಎಕ್ಸ್‌ರೇ ಬಹುಪಾಲು ವಿಷಯ ಹೇಳಿಬಿಡುತ್ತದೆ: ಮೂಳೆಯೊಳಗೊಂದು ಕಪ್ಪು ಪೊಳ್ಳು, ತೆಳುವಾದ ಹೊರಗೋಡೆ, ನಡುವೆ ರವೆ ಉದುರಿಸಿದಂಥ ಸುಣ್ಣದ ಚುಕ್ಕೆಗಳು. ಸಾಮಾನ್ಯವಾಗಿ ಮೊದಲು ಮುರಿತ ಕೂಡಲು ಬಿಡುತ್ತಾರೆ. ಆಮೇಲೆ ಮೂಳೆಯಲ್ಲಿ ಪುಟ್ಟ ಕಿಂಡಿ ತೆರೆದು, ಚಮಚದಂಥ ಕ್ಯುರೆಟ್‌ನಿಂದ ಒಳಗಿನದನ್ನು ಕೆರೆದು, ಬೇಕೆನಿಸಿದರೆ ಸೊಂಟದ ಮೂಳೆಯ ಚೂರು ತುಂಬುತ್ತಾರೆ. ನೋವಿಲ್ಲದ ಸಣ್ಣ ಗಡ್ಡೆಯನ್ನು ಮುಟ್ಟದೆ ಗಮನಿಸುವುದೂ ಚಿಕಿತ್ಸೆಯೇ.

ಲ್ಯಾಬಿನ ವರದಿಯೇ ಕೊನೆಯ ಮಾತಲ್ಲವೇ, ಎಕ್ಸ್‌ರೇಗೆ ಇಷ್ಟು ಮರ್ಯಾದೆ ಯಾಕೆ ಎನ್ನಬಹುದು. ಬೆರಳಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಅಲ್ಲಿಯ ಎನ್‌ಕಾಂಡ್ರೋಮಾ ಸೂಕ್ಷ್ಮದರ್ಶಕದಡಿ ಜೀವಕೋಶಗಳಿಂದ ದಟ್ಟವಾಗಿ, ನಿಜಕ್ಕಿಂತ ಭಯಂಕರವಾಗಿ ಕಾಣುತ್ತದೆ. ಫಿಲ್ಮ್ ನೋಡದ ಪೆಥಾಲಜಿಸ್ಟ್ ಅದನ್ನು ಕ್ಯಾನ್ಸರೆಂದು ತಿಳಿಯುವ ಅಪಾಯವಿದೆ. ಕಾಲಿನ ಹೆಬ್ಬೆರಳಲ್ಲೂ ಹೀಗೇ: ಉಗುರಡಿಯ ಮೂಳೆ ಗಂಟನ್ನು ಉಗುರುಸುತ್ತೆಂದೋ ನರುಲಿಯೆಂದೋ ತಿಂಗಳುಗಟ್ಟಲೆ ಮುಲಾಮು ಹಚ್ಚುವುದುಂಟು, ಪಕ್ಕದಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಗುಟ್ಟು ಬಯಲು. ಹಾಗಂತ ಎಲ್ಲವನ್ನೂ ತಾಲ್ಲೂಕಿನಲ್ಲೇ ಮುಗಿಸಬೇಕೆಂದಲ್ಲ. ಪೆಟ್ಟಿಲ್ಲದೆ ನೋವು ಏರುತ್ತಿದ್ದರೆ, ಗಡ್ಡೆ ಹೊರಗೋಡೆ ಒಡೆದು ಮಾಂಸಕ್ಕೆ ನುಗ್ಗಿದ್ದರೆ, ಹಾಸನದ ಹಿಮ್ಸ್ ಆಸ್ಪತ್ರೆಗೋ ಬೆಂಗಳೂರಿಗೋ ತಡಮಾಡದೆ ಹೋಗಬೇಕು, ಹಳೆಯ ಫಿಲ್ಮ್‌ಗಳನ್ನೂ ಕೈಯಲ್ಲಿ ಹಿಡಿದು.